ಮಡಚುವ ಸೋಲಾರ್ ಪ್ಯಾನೆಲ್: ಗಾಡಿಯಲ್ಲಿ ಎಲ್ಲಿಡಬೇಕು, ಹೊರಗೆ ಹೇಗೆ ಕಟ್ಟಬೇಕು?

ಪ್ರಶ್ನೆ: ನಮ್ಮದು ಬೊಲೆರೊ. ನಾನು, ಹೆಂಡತಿ, ಇಬ್ಬರು ಮಕ್ಕಳು ವರ್ಷಕ್ಕೆ ನಾಲ್ಕೈದು ಸಲ ಕ್ಯಾಂಪಿಂಗ್ ಹೋಗುತ್ತೇವೆ. ಹಿಂದೆ ಪ್ಲೈವುಡ್ ಹಲಗೆ ಹಾಕಿಸಿ ಹಾಸಿಗೆ ಮಾಡಿಕೊಂಡಿದ್ದೇವೆ, ಜೊತೆಗೆ ಒಂದು ಟೆಂಟ್. ಫ್ಯಾನು, ಫೋನು, ಪುಟ್ಟ ಫ್ರಿಜ್ಜಿಗೆ ಅಂತ 200 ವ್ಯಾಟ್‌ನ ಮಡಚುವ ಸೋಲಾರ್ ಪ್ಯಾನೆಲ್ ಮತ್ತು ಪವರ್ ಸ್ಟೇಷನ್ (ಕರೆಂಟ್ ತುಂಬಿಡುವ ಬ್ಯಾಟರಿ ಡಬ್ಬಿ) ತಗೊಂಡು ಎರಡು ವರ್ಷವಾಯಿತು. ಮೊದಲು ಮಧ್ಯಾಹ್ನ 150 ವ್ಯಾಟ್ ತೋರಿಸುತ್ತಿತ್ತು. ಈಗ 110 ದಾಟುವುದಿಲ್ಲ. ಕಳೆದ ಸಲ ಗೋಕರ್ಣದ ಹತ್ತಿರ ಗಾಳಿಗೆ ಮಗುಚಿಯೂ ಬಿತ್ತು. ಇದನ್ನು ಗಾಡಿಯಲ್ಲಿ ಎಲ್ಲಿಡಬೇಕು? ಮೇಲಿನ ಕ್ಯಾರಿಯರ್‌ಗೆ ಕಟ್ಟಬಹುದಾ? ನಾವು ಸುತ್ತಾಡಲು ಹೋದಾಗ ಯಾರಾದರೂ ಎತ್ತಿಕೊಂಡು ಹೋದರೆ? ಮನೆಯಲ್ಲಿ ಹಳೆಯ 100 ವ್ಯಾಟ್‌ನ ಗಾಜಿನ ಪ್ಯಾನೆಲ್ ಒಂದಿದೆ, ಅದನ್ನೂ ಒಯ್ಯಬಹುದಾ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಆ 110ರ ವಿಷಯ ನೋಡೋಣ. ನಿಮ್ಮ ಪ್ಯಾನೆಲ್ ನಾಲ್ಕು ಮಡಿಕೆಯದು ಅಂತ ಅಂದುಕೊಳ್ಳುತ್ತೇನೆ. 200 ವ್ಯಾಟ್‌ನ ಮಡಚುವ ಪ್ಯಾನೆಲ್‌ಗಳಲ್ಲಿ ಅದೇ ಜಾಸ್ತಿ. 150ರಲ್ಲಿ ಕಾಲು ಭಾಗ ಕಳೆಯಿರಿ, 112 ಬರುತ್ತದೆ. ನಿಮ್ಮ ಲೆಕ್ಕ ಸರಿಯಾಗಿ ಅಲ್ಲಿಗೇ ಬಂದು ನಿಂತಿದೆ, ಅಲ್ವಾ? ಒಂದು ಮಡಿಕೆ ಕೆಲಸ ಬಿಟ್ಟಿದೆ ಅನ್ನುವುದು ನನ್ನ ಗುಮಾನಿ.

ಪರೀಕ್ಷೆ ಸುಲಭ. ಮೋಡವಿಲ್ಲದ ದಿನ, ಹನ್ನೆರಡು ಗಂಟೆಯ ಹೊತ್ತಿಗೆ, ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಬಿಸಿಲಿಗೆ ಬಿಡಿಸಿಡಿ. ಸಮುದ್ರದ ಕಡೆ ಹೋಗಿ ಬಂದ ಪ್ಯಾನೆಲ್ ಮೇಲೆ ಉಪ್ಪಿನ ತೆಳು ಪದರ ಕೂತಿರುತ್ತದೆ. ಅದನ್ನು ತೆಗೆಯದೆ ಅಳೆಯುವುದು ದಂಡ. ಆಮೇಲೆ ಪವರ್ ಸ್ಟೇಷನ್‌ನಲ್ಲಿ ವ್ಯಾಟ್ ನೋಡುತ್ತಾ ಒಂದೊಂದೇ ಮಡಿಕೆಯ ಮೇಲೆ ದಪ್ಪ ಟವೆಲ್ ಹೊದಿಸಿ. ಜೀವ ಇರುವ ಮಡಿಕೆ ಮುಚ್ಚಿದರೆ ವ್ಯಾಟ್ ಇಳಿಯುತ್ತದೆ. ಮುಚ್ಚಿದರೂ ಏನೂ ಬದಲಾಗದಿದ್ದರೆ ಅದು ಮೊದಲೇ ಸತ್ತಿದೆ. ಮೀಟರ್ ಇಟ್ಟು ಕರೆಂಟ್ ಅಳೆಯುತ್ತೇನೆ ಅಂತ ಹೊರಡಬೇಡಿ. ಸಾಮಾನ್ಯ ಮಲ್ಟಿಮೀಟರ್ 10 ಆಂಪಿಯರ್‌ವರೆಗೆ ಮಾತ್ರ. 18 ವೋಲ್ಟ್‌ನ 200 ವ್ಯಾಟ್ ಪ್ಯಾನೆಲ್ 11 ಆಂಪಿಯರ್ ಕೊಡುತ್ತದೆ, ಮೀಟರಿನ ಫ್ಯೂಸ್ ಹೋಗುತ್ತದೆ.

ಅಂದಹಾಗೆ, ಹೊಸದರಲ್ಲಿ 200ಕ್ಕೆ 150 ಬರುತ್ತಿದ್ದದ್ದು ಮೋಸವಲ್ಲ. ಲೇಬಲ್ ಮೇಲಿನ ವ್ಯಾಟ್, ಪ್ಯಾನೆಲ್ ಒಳಗಿನ ಸೆಲ್ (ಬಿಸಿಲನ್ನು ಕರೆಂಟ್ ಮಾಡುವ ಬಿಲ್ಲೆ) 25 ಡಿಗ್ರಿ ಇದ್ದಾಗಿನ ಲೆಕ್ಕ. ನಮ್ಮ ಬಿಸಿಲಲ್ಲಿ ಸೆಲ್ 60–65 ಡಿಗ್ರಿ ಮುಟ್ಟುತ್ತದೆ. ಒಂದೊಂದು ಡಿಗ್ರಿಗೂ ಸುಮಾರು 0.35 ಶೇಕಡಾ ಕಡಿಮೆಯಾಗುತ್ತಾ ಹೋಗುತ್ತದೆ. ಬಿಸಿಗೇ ಹನ್ನೆರಡರಿಂದ ಹದಿನಾಲ್ಕು ಶೇಕಡಾ ಹೋಯಿತು. ಉಳಿದದ್ದು ಧೂಳು, ಓರೆ, ವೈರು.

ಈಗ ಆ ಮಡಿಕೆ ಯಾಕೆ ಸತ್ತಿತು? ಗೋಕರ್ಣದ ಗಾಳಿಯ ಮೇಲೆ ತಪ್ಪು ಹೊರಿಸುವುದು ಸುಲಭ. ನನಗೆ ಅನುಮಾನ ನಿಮ್ಮ ಡಿಕ್ಕಿಯ ಮೇಲೆ. ಸೋಲಾರ್ ಸೆಲ್ ಅಂದರೆ ಸಿಲಿಕಾನ್‌ನ ಬಿಲ್ಲೆ. ದಪ್ಪ ಮಿಲಿಮೀಟರಿನ ಐದನೇ ಒಂದು ಭಾಗವೂ ಇಲ್ಲ. ಮಡಚುವ ಪ್ಯಾನೆಲ್‌ನಲ್ಲಿ ಅದರ ಮೇಲೆ ಗಾಜಿಲ್ಲ, ಪ್ಲಾಸ್ಟಿಕ್ ಹಾಳೆ ಮಾತ್ರ. ಕರಿದ ಹಪ್ಪಳವನ್ನು ಬಟ್ಟೆಯಲ್ಲಿ ಹೊಲಿದು ಕೊಟ್ಟಿದ್ದಾರೆ ಅಂದುಕೊಳ್ಳಿ. ಹೊರಗಿನ ಚೀಲ ನೋಡಿದರೆ ಗಟ್ಟಿಮುಟ್ಟಾಗಿ ಕಾಣುತ್ತದೆ, ಅದಕ್ಕೇ ಜನ ಅದರ ಮೇಲೆ ಸಾಮಾನು ಹೇರುತ್ತಾರೆ. ಒಳಗೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅವತ್ತು ಕರೆಂಟೂ ಚೆನ್ನಾಗೇ ಬರುತ್ತದೆ. ಹಗಲು ಕಾದು ರಾತ್ರಿ ತಣಿದು, ಗಾಡಿ ಕುಲುಕಿ ಕುಲುಕಿ ಆ ಬಿರುಕು ಬೆಳೆಯುತ್ತದೆ. ಆರು ತಿಂಗಳು ಬಿಟ್ಟು ವ್ಯಾಟ್ ಕಡಿಮೆಯಾದಾಗ ಯಾರಿಗೂ ಆ ಸಾಮಾನಿನ ನೆನಪಿರುವುದಿಲ್ಲ.

ನಾನೇ ಮಾಡಿದ್ದೇನೆ. ಶಿರಸಿಯಿಂದ ಬರುವಾಗ ಪರಿಚಯದವರ ತೋಟದಲ್ಲಿ ಎರಡು ಹಲಸಿನಹಣ್ಣು ಕೊಟ್ಟರು. ಡಿಕ್ಕಿಯಲ್ಲಿ ಜಾಗ ಇರಲಿಲ್ಲ. ಮಲಗಿಸಿಟ್ಟ ಪ್ಯಾನೆಲ್ ಚಪ್ಪಟೆಯಾಗಿ, ಅನುಕೂಲವಾಗಿ ಕಂಡಿತು. ಘಟ್ಟದ ದಾರಿಯ ಗುಂಡಿಗಳ ಮೇಲೆ ಎರಡು ಹಣ್ಣೂ ಕುಣಿದವು. ತೊಳೆಗಳು ಚೆನ್ನಾಗಿದ್ದವು. ಪ್ಯಾನೆಲ್‌ನ ಎರಡು ಮಡಿಕೆ ಆ ವರ್ಷವೇ ಹೋದವು.

ಹಾಗಾಗಿ ಎಲ್ಲಿಡಬೇಕು ಅನ್ನುವುದಕ್ಕೆ ನನ್ನ ಉತ್ತರ: ನಿಲ್ಲಿಸಿಡಿ. ಪುಸ್ತಕದ ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ. ನಿಂತ ವಸ್ತುವಿನ ಮೇಲೆ ಯಾರೂ ಏನನ್ನೂ ಇಡಲು ಆಗುವುದಿಲ್ಲ, ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಬೊಲೆರೊದಲ್ಲಿ ಮುಂದಿನ ಸೀಟಿನ ಬೆನ್ನಿಗೂ ಹಾಸಿಗೆಯ ಹಲಗೆಗೂ ನಡುವೆ ಒಂದು ಸಂದಿ ಸಿಗುತ್ತದೆ. ಪ್ಯಾನೆಲ್‌ನ ಎರಡೂ ಪಕ್ಕಕ್ಕೆ ಹಳೆಯ ಯೋಗ ಮ್ಯಾಟ್ ಕತ್ತರಿಸಿ ಕೊಡಿ. ಕೆಳಗೂ ಒಂದು ತುಂಡು ಹಾಕಿ, ಏಕೆಂದರೆ ಗುಂಡಿಗೆ ಇಳಿದಾಗ ಪೆಟ್ಟು ಬೀಳುವುದು ಕೆಳ ಅಂಚಿಗೆ. ವೈರು ಹೊರಡುವ ಪುಟ್ಟ ಪೆಟ್ಟಿಗೆ ಹಿಂಬದಿಯಲ್ಲಿ ಉಬ್ಬಿರುತ್ತದೆ. ಅದು ಮೆತ್ತನೆಯ ಕಡೆಗೆ ಇರಲಿ, ಗಟ್ಟಿ ಹಲಗೆಗೆ ಒತ್ತದಿರಲಿ. ವೈರನ್ನು ಮಡಿಕೆಗಳ ನಡುವೆ ಸಿಕ್ಕಿಸಬೇಡಿ. ಎಷ್ಟೋ ಜನ ಕನೆಕ್ಟರನ್ನು ಒಳಗೇ ಬಿಟ್ಟು ಮಡಚಿ ಬಕಲ್ ಹಾಕುತ್ತಾರೆ. ಬೆರಳು ದಪ್ಪದ ಪ್ಲಾಸ್ಟಿಕ್ ಎರಡು ಸೆಲ್‌ಗಳ ನಡುವೆ ಸಾಣೆಕಲ್ಲಿನಂತೆ ಕೂತಿರುತ್ತದೆ. ಮಡಚುವಾಗಲೂ ಮೊದಲ ದಿನದಿಂದ ಬಂದ ಗೆರೆಯಲ್ಲೇ, ಅದೇ ದಿಕ್ಕಿಗೇ ಮಡಚಿ. ಒಂದು ಮಡಿಕೆಯಿಂದ ಇನ್ನೊಂದಕ್ಕೆ ಹೋಗುವ ಪಟ್ಟಿವೈರು ಆ ಹೊಲಿಗೆಯ ಒಳಗೇ ಇರುತ್ತದೆ. ಉಲ್ಟಾ ಮಡಚಿದರೆ ಅದು ತುಂಡಾಗುತ್ತದೆ. ನಿಮ್ಮ ನಾಲ್ಕನೇ ಮಡಿಕೆಯ ಕಥೆ ಇದೂ ಆಗಿರಬಹುದು. ಹಾಗಿದ್ದರೆ ಸಂತೋಷ, ಬೆಸುಗೆ ಗೊತ್ತಿರುವ ರಿಪೇರಿಯವರು ಹೊಲಿಗೆ ಬಿಚ್ಚಿ ಸರಿ ಮಾಡಿಕೊಡುತ್ತಾರೆ. ಸೆಲ್ ಒಡೆದಿದ್ದರೆ ರಿಪೇರಿ ಇಲ್ಲ.

ನಿಲ್ಲಿಸಲು ಜಾಗ ಇಲ್ಲವೇ ಇಲ್ಲ ಅಂದರೆ ಹಾಸಿಗೆಯ ಹಲಗೆಯ ಅಡಿಯಲ್ಲಿ ಎರಡು ಇಂಚು ಎತ್ತರದ ಗೂಡು ಮಾಡಿಸಿ. ಅಡ್ಡಪಟ್ಟಿ ಎರಡು ಹೊಡೆದರೆ ಸಾಕು, ಡ್ರಾಯರಿನ ಹಾಗೆ ಹಿಂಬಾಗಿಲಿನಿಂದ ಎಳೆಯಬಹುದು. ಹಾಸಿಗೆ ಮತ್ತು ಹಲಗೆಯ ನಡುವೆ ಮಾತ್ರ ಇಡಬೇಡಿ. ನೀವು ಮಲಗುವಾಗ ಮೊಣಕೈ ಊರುತ್ತೀರಿ, ಮಕ್ಕಳು ಕುಣಿಯುತ್ತಾರೆ.

ನಿಲ್ಲಿಸಿದ್ದನ್ನು ಕಟ್ಟಬೇಕು. ಇದು ಪ್ಯಾನೆಲ್‌ಗಿಂತ ನಿಮಗಾಗಿ. ಗಾಡಿ 50 ಕಿಲೋಮೀಟರ್ ವೇಗದಲ್ಲಿ ಮರಕ್ಕೆ ಗುದ್ದಿ, ಮುಂಭಾಗ ನಜ್ಜಾಗುತ್ತಾ ಅರ್ಧ ಮೀಟರಿನಲ್ಲಿ ನಿಂತಿತು ಅಂದುಕೊಳ್ಳಿ. ಆ ಕ್ಷಣಕ್ಕೆ ಒಳಗಿನ ಪ್ರತಿ ವಸ್ತುವೂ ತನ್ನ ತೂಕದ ಸುಮಾರು ಇಪ್ಪತ್ತು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 8 ಕೆ.ಜಿ. ಪ್ಯಾನೆಲ್ 160 ಕೆ.ಜಿ.ಯ ಹಾಗೆ. 12 ಕೆ.ಜಿ. ಪವರ್ ಸ್ಟೇಷನ್ 240 ಕೆ.ಜಿ.ಯ ಹಾಗೆ. ಮುಂದೆ ಕೂತವರ ಕುತ್ತಿಗೆ ನೆನಪಿಸಿಕೊಳ್ಳಿ. ಪವರ್ ಸ್ಟೇಷನ್ ನೆಲದ ಮೇಲೆ, ಸೀಟಿನ ಬುಡಕ್ಕೆ ಒತ್ತಿ, ಪಟ್ಟಿಯಿಂದ ಬಿಗಿದು ಇಡಿ. ಬೈಕಿಗೆ ಲಗೇಜ್ ಕಟ್ಟುವ ಕೊಕ್ಕೆಯ ರಬ್ಬರ್ ಹಗ್ಗ ಇದಕ್ಕೆ ಆಗುವುದಿಲ್ಲ, ಅದು ಹಿಗ್ಗುತ್ತದೆ. ಬಕಲ್ ಇರುವ ನೈಲಾನ್ ಪಟ್ಟಿ ಬೇಕು, ಅದನ್ನು ಸೀಟ್ ಬೆಲ್ಟಿನ ಬೋಲ್ಟ್ ಇರುವಂಥ ಗಟ್ಟಿ ಜಾಗಕ್ಕೇ ಕಟ್ಟಬೇಕು. ಪ್ಯಾನೆಲ್‌ಗೆ ಮಾತ್ರ ಪಟ್ಟಿಯನ್ನು ಹದವಾಗಿ ಬಿಗಿಯಿರಿ. ಲಾರಿಗೆ ಬಿಗಿಯುವ ರ‍್ಯಾಚೆಟ್ ಪಟ್ಟಿ ಹಾಕಿ ಕಟಕಟ ತಿರುಗಿಸಿದರೆ ಹಪ್ಪಳದ ಕಥೆಯೇ.

ಕ್ಯಾರಿಯರ್ ಮೇಲೆ ಮಡಚುವ ಪ್ಯಾನೆಲ್? ಬೇಡ. ಹೆದ್ದಾರಿ ಗಾಳಿಗೆ ಚೀಲ ಪಟಪಟ ಹೊಡೆದುಕೊಳ್ಳುತ್ತದೆ, ಮಳೆ ಬಂದರೆ ಹೊಲಿಗೆಯಲ್ಲಿ ನೀರು ಇಳಿಯುತ್ತದೆ. ನಿಮ್ಮ ಮಲೆನಾಡಿನ ರಸ್ತೆಗಳಲ್ಲಂತೂ ಮೇಲೆ ಚಾಚಿದ ಕೊಂಬೆಗಳು ಲೆಕ್ಕವಿಲ್ಲದಷ್ಟು. ಜೊತೆಗೆ, ಟೀ ಕುಡಿಯಲು ನಿಲ್ಲಿಸಿದಾಗ ಎಲ್ಲರ ಕಣ್ಣೂ ಅದರ ಮೇಲೆ.

ಗಾಳಿಯ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ನಿಮ್ಮ ಪ್ಯಾನೆಲ್ ಬಿಡಿಸಿದರೆ ಸುಮಾರು ಒಂದೂಕಾಲು ಚದರ ಮೀಟರ್. ಅದಕ್ಕೆ ಎದುರಾಗಿ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಸುಮಾರು 9–10 ಕೆ.ಜಿ. ತೂಕದ ತಳ್ಳು. ಪ್ಯಾನೆಲ್‌ನ ತೂಕಕ್ಕಿಂತ ಅದೇ ಜಾಸ್ತಿ. 60 ಕಿಲೋಮೀಟರ್ ಆದರೆ 21 ಕೆ.ಜಿ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳು ನಾಲ್ಕು ಪಟ್ಟು ಆಗುತ್ತದೆ, ಅದಕ್ಕೇ ಒಂದು ಸಣ್ಣ ಬೀಸು ಬಂದಾಗ ಸುಮ್ನೆ ನಿಂತಿದ್ದ ಪ್ಯಾನೆಲ್ ಇನ್ನೊಂದು ಬೀಸಿಗೆ ಹಾರಿ ಬೀಳುತ್ತದೆ. ಕರಾವಳಿಯಲ್ಲಿ ಬೆಳಿಗ್ಗೆ ಸಾಮಾನ್ಯವಾಗಿ ಗಾಳಿ ಕಡಿಮೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ. ನೀವು ಊಟಕ್ಕೆ ಕೂತಾಗ ಬಿದ್ದಿರಬೇಕು, ಅಲ್ವಾ? ಚಿತ್ರದುರ್ಗ, ಗದಗದ ಗುಡ್ಡಗಳ ಕಡೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ.

ಇದಕ್ಕೆ ಒಂದು ಸುಲಭ ಉಪಾಯವಿದೆ, ಪ್ಯಾನೆಲ್ ಜೊತೆ ಬರುವ ಪುಸ್ತಿಕೆಯಲ್ಲಿ ಅದನ್ನು ಬರೆದಿರುವುದಿಲ್ಲ. ಆ ಪುಸ್ತಿಕೆಗಳು ಉತ್ತರದ ದೇಶಗಳಿಗಾಗಿ ಬರೆದವು. ಅಲ್ಲಿ ಸೂರ್ಯ ಕೆಳಗೆ ಇರುತ್ತಾನೆ, ಹಾಗಾಗಿ ಪ್ಯಾನೆಲ್ ಓರೆ ನಿಲ್ಲಿಸಿ ಅನ್ನುತ್ತವೆ. ನಮ್ಮಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನದ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ನೆರಳೇ ಬೀಳದ ದಿನ ಬರುತ್ತದೆ. ನಿಮ್ಮ ಊರಿನಲ್ಲಿ ಎರಡು ಮೂರು ದಿನ ಆಚೀಚೆ. ಆ ತಿಂಗಳುಗಳಲ್ಲಿ ಪ್ಯಾನೆಲನ್ನು ನೆಲದ ಮೇಲೆ ಚಾಪೆಯಂತೆ ಹಾಸಿಬಿಡಿ. ನಷ್ಟ ಇಲ್ಲವೆನ್ನುವಷ್ಟು ಕಡಿಮೆ, ಗಾಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಡಿಸೆಂಬರ್‌ನಲ್ಲಿ ಮಾತ್ರ ಮಧ್ಯಾಹ್ನದ ಸೂರ್ಯನ ಎತ್ತರ 53 ಡಿಗ್ರಿಯಷ್ಟೇ. ಆಗ ಮಲಗಿಸಿದರೆ ನಡುಹಗಲಲ್ಲೂ ಐದರಲ್ಲಿ ಒಂದು ಪಾಲು ಹೋಗುತ್ತದೆ. ಗಾಳಿ ಜೋರಿದ್ದರೆ ನಾನು ಆ ಒಂದು ಪಾಲು ಬಿಟ್ಟುಕೊಟ್ಟು ಮಲಗಿಸುತ್ತೇನೆ. ಹೊಸ ಪ್ಯಾನೆಲ್‌ಗಿಂತ ಅಗ್ಗ.

ಮಲಗಿಸಿದ್ದಕ್ಕೂ ನಾಲ್ಕು ಮೂಲೆಯ ಕಣ್ಣುಗಳಲ್ಲಿ ಹಗ್ಗ ಇರಲಿ. ಮಣ್ಣಿದ್ದರೆ ಗೂಟ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ಅಲ್ಲಿ ಒಂದು ಚೀಲಕ್ಕೆ ಮರಳು ತುಂಬಿ, ಕುತ್ತಿಗೆಗೆ ಹಗ್ಗ ಬಿಗಿದು, ಮೊಣಕೈ ಆಳಕ್ಕೆ ಹೂತುಬಿಡಿ. ಬಂಡೆಯ ಜಾಗದಲ್ಲಿ ನೀರಿನ ಕ್ಯಾನೇ ಲಂಗರು. 5 ಲೀಟರಿನ ಎರಡು ಕ್ಯಾನ್ ಅಂದರೆ 10 ಕೆ.ಜಿ., ಮೇಲಿನ ಲೆಕ್ಕಕ್ಕೆ ಹೋಲಿಸಿ ನೋಡಿ. ಓರೆ ನಿಲ್ಲಿಸಿದಾಗ ಹಿಂದಕ್ಕೆ ಎಷ್ಟು ಹಗ್ಗವೋ ಮುಂದಕ್ಕೂ ಅಷ್ಟೇ ಬೇಕು. ಎಲ್ಲರೂ ಹಿಂದಕ್ಕೆ ಮಾತ್ರ ಕಟ್ಟುತ್ತಾರೆ, ಗಾಳಿ ದಿಕ್ಕು ಬದಲಿಸಿದಾಗ ಪ್ಯಾನೆಲ್ ಮುಖ ಅಡಿಯಾಗಿ ಕಲ್ಲಿನ ಮೇಲೆ ಬೀಳುತ್ತದೆ. ಗಂಟು ಜೀರುಗುಣಿಕೆ ಇರಲಿ, ಮಳೆ ಬಂದಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಕೆಲವರು ಬಾನೆಟ್ ಮೇಲೆ ಹಾಸುತ್ತಾರೆ. ಹಾಸಬಹುದು, ಆದರೆ ಗಾಡಿ ನಿಲ್ಲಿಸಿ ಒಂದು ಗಂಟೆ ಬಿಟ್ಟು. ಕೆಳಗೆ ಎಂಜಿನ್, ಮೇಲೆ ಸೂರ್ಯ, ನಡುವೆ ಪ್ಯಾನೆಲ್ ಆದರೆ ರೊಟ್ಟಿ ಸುಟ್ಟ ಹಾಗೆ.

ಪವರ್ ಸ್ಟೇಷನ್ ಮಾತ್ರ ಬಿಸಿಲಿಗೆ ಬರಲೇಬಾರದು. ಪ್ಯಾನೆಲ್ ಬಿಸಿಲಲ್ಲಿ, ಡಬ್ಬಿ ಗಾಡಿಯ ನೆರಳಲ್ಲಿ, ನಡುವೆ ಉದ್ದ ವೈರು. ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೂ ಬೇಡ, ಬಿಸಿ ಏರಿದರೆ ಅದು ತಾನೇ ಚಾರ್ಜಿಂಗ್ ನಿಲ್ಲಿಸಿಬಿಡುತ್ತದೆ. ವೈರನ್ನು ಬಾಗಿಲಿನ ಬೀಗದ ಕೊಂಡಿ ಇರುವ ಕಡೆ ತರಬೇಡಿ, ಕೆಳಮೂಲೆಯ ರಬ್ಬರ್ ಬೀಡಿಂಗ್ ಮೂಲಕ ತನ್ನಿ. ಒಳಬರುವ ಮುಂಚೆ ವೈರು ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರಲಿ. ಮಳೆ ನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಹಳ್ಳಿಮನೆಗೆ ಕರೆಂಟ್ ವೈರು ಎಳೆಯುವವರು ಹೀಗೇ ಮಾಡುತ್ತಾರೆ, ಗಮನಿಸಿ ನೋಡಿ.

ಕಳ್ಳರಿಗಿಂತ ಮೊದಲು ಪ್ರಾಣಿಗಳು. ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿದವರಿಗೆ ಕಾವಲು ಅಂದರೇನು ಅಂತ ಗೊತ್ತು. ಪ್ಯಾನೆಲ್‌ಗೂ ಅಷ್ಟೇ. ಗೋಕರ್ಣದ ಕಡಲತೀರದಲ್ಲಿ ದನಗಳು ಓಡಾಡುವುದನ್ನು ನೀವೇ ನೋಡಿದ್ದೀರಿ. ಹಾಸಿದ ಪ್ಯಾನೆಲ್ ಮೇಲೆ ಒಂದು ಗೊರಸು ಬಿದ್ದರೆ ಸಾಕು. ಮಲಗಿಸಿದಾಗ ಸುತ್ತ ನಾಲ್ಕು ಕುರ್ಚಿ, ಇಲ್ಲವೇ ಹಗ್ಗದ ಬೇಲಿ ಇರಲಿ. ಅದು ಮಕ್ಕಳಿಗೂ ಅನ್ವಯ. ಕೋತಿಗಳ ಕಥೆ ಬೇರೆ. ಆಗುಂಬೆಯ ಕಡೆ ಒಮ್ಮೆ ನನ್ನ ಮಗಳು ಪ್ಯಾನೆಲ್ ಹಿಂದಿನ ವೈರ್ ಜೇಬಿನಲ್ಲಿ ಬಿಸ್ಕತ್ತಿನ ಪೊಟ್ಟಣ ಬಚ್ಚಿಟ್ಟಿದ್ದಳು. ಕೋತಿಗೆ ಜಿಪ್ ತೆಗೆಯಲು ಬರಲಿಲ್ಲ, ಜೇಬನ್ನೇ ಹರಿಯಿತು. ಆ ಜೇಬಿನಲ್ಲಿ ಈಗ ವೈರು ಬಿಟ್ಟು ಏನೂ ಇಡುವಂತಿಲ್ಲ ಅನ್ನುವುದು ನಮ್ಮ ಮನೆಯ ಕಾನೂನು.

ಇನ್ನು ಕಳ್ಳತನ. ನಿಜ ಹೇಳುತ್ತೇನೆ, ಬಟ್ಟೆಯ ಪ್ಯಾನೆಲ್‌ಗೆ ಬೀಗ ಅಂದರೆ ಅರ್ಧ ಬೀಗ. ಕಣ್ಣುಗಳ ಮೂಲಕ ಸ್ಟೀಲ್ ಕೇಬಲ್ ಲಾಕ್ ತೂರಿಸಬಹುದು, ನಿಮ್ಮ ಬೊಲೆರೊದ ಸ್ಟೆಪ್ನಿ ಹಿಂಬಾಗಿಲಿನಲ್ಲಿದ್ದರೆ ಚಕ್ರದ ತೂತಿಗೆ ಸಿಕ್ಕಿಸಬಹುದು. ಆದರೆ ಬ್ಲೇಡು ಇದ್ದವನಿಗೆ ಬಟ್ಟೆ ಕುಯ್ಯಲು ಒಂದು ನಿಮಿಷ. ಆ ಬೀಗ ಇರುವುದು ಬ್ಲೇಡು ತಾರದೆ ಬಂದವನಿಗೆ, ದಾರಿಯಲ್ಲಿ ಹೋಗುತ್ತಾ ಕೈ ಹಾಕುವವನಿಗೆ. ನೀವು ಪಕ್ಕದ ಹೊಳೆಯಲ್ಲಿ ಸ್ನಾನ ಮಾಡಿ ಬರುವ ಇಪ್ಪತ್ತು ನಿಮಿಷಕ್ಕೆ ಅದು ಸಾಕು. ಗುಡ್ಡ ಹತ್ತಲು ಮೂರು ಗಂಟೆ ಹೋಗುವುದಾದರೆ ಮಡಚಿ ಒಳಗಿಡಿ, ಮೇಲೆ ಜಮಖಾನ ಹೊದಿಸಿ. ಮಡಚಲು ಬೇಕಾದ್ದು ಎರಡು ನಿಮಿಷ, ಆ ದಿನ ತಪ್ಪುವುದು ಮೂರು ಗಂಟೆಯ ಕರೆಂಟು. ಬೇಕಿದ್ದರೆ ಗಾಡಿ ಓಡುವಾಗ ಕಾರಿನ ಸಾಕೆಟ್‌ನಿಂದ ಸ್ವಲ್ಪ ತುಂಬಿಕೊಳ್ಳಬಹುದು. ಪ್ಯಾನೆಲನ್ನು ಗಾಜಿನ ಒಳಗೆ, ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಬೀಗ ಹಾಕಿ ಹೋಗೋಣ ಅಂತ ಎಲ್ಲರಿಗೂ ಒಮ್ಮೆ ಹೊಳೆಯುತ್ತದೆ. ಅರ್ಧ ಕರೆಂಟ್ ಸಿಕ್ಕರೂ ಪುಣ್ಯ, ಡ್ಯಾಶ್‌ಬೋರ್ಡ್ ಒಲೆಯಂತೆ ಕಾಯುತ್ತದೆ. ಜೊತೆಗೆ ಒಳಗೆ ಬೆಲೆಬಾಳುವುದೇನೋ ಇದೆ ಅಂತ ಬೋರ್ಡ್ ಹಾಕಿದ ಹಾಗೆ. ಎಲ್ಲಕ್ಕಿಂತ ಮೊದಲು ಅಡಗಿಸಬೇಕಾದ್ದು ಪವರ್ ಸ್ಟೇಷನ್, ಎತ್ತಲು ಹಿಡಿಕೆ ಸಮೇತ ಬರುತ್ತದೆ, ಮಾರಲೂ ಸುಲಭ.

ಪ್ಯಾನೆಲ್‌ನ ಹಿಂಬದಿಗೆ ದೊಡ್ಡ ಅಕ್ಷರದಲ್ಲಿ ಪೇಂಟ್‌ನಿಂದ ಹೆಸರು, ಫೋನ್ ನಂಬರ್ ಬರೆಸಿ. ಮದುವೆ ಮನೆಗೆ ಕೊಡುವ ಪಾತ್ರೆಯ ಮೇಲೆ ಹೆಸರು ಹಾಕಿಸುವ ಹಾಗೆ. ಚೆಂದ ಹಾಳಾಗುತ್ತದೆ ನಿಜ, ಆದರೆ ಚೆಂದ ಹಾಳಾದ ಮಾಲು ಮಾರುವುದು ಕಷ್ಟ. ಸೀರಿಯಲ್ ನಂಬರಿನ ಫೋಟೋ ಮತ್ತು ಬಿಲ್ ಫೋನಿನಲ್ಲಿರಲಿ. ಗಾಡಿಯ ಇನ್ಶೂರೆನ್ಸ್ ಸಾಮಾನ್ಯವಾಗಿ ಒಳಗೆ ಬಿಡಿಯಾಗಿ ಇಟ್ಟ ಸಾಮಾನಿಗೆ ಹಣ ಕೊಡುವುದಿಲ್ಲ, ಪಾಲಿಸಿ ತೆಗೆದು ಒಮ್ಮೆ ಓದಿ.

ಸಂಜೆ ಕತ್ತಲಾಗುವ ಮುಂಚೆ ಮಡಚಿಬಿಡಿ, ಇಬ್ಬನಿ ಬೀಳಲು ಬಿಡಬೇಡಿ. ಒದ್ದೆಯಾಗಿದ್ದನ್ನೇ ಮಡಚಬೇಕಾಗಿ ಬಂದರೆ ಮನೆಗೆ ಬಂದ ದಿನವೇ ಬಿಡಿಸಿ, ಫ್ಯಾನಿನ ಕೆಳಗೆ ಒಂದು ದಿನ ಹರಡಿ. ಶಿವಮೊಗ್ಗದ ಜುಲೈನಲ್ಲಿ ಒದ್ದೆ ಚೀಲಕ್ಕೆ ಬೂಸ್ಟು ಹಿಡಿಯಲು ಎರಡು ದಿನ ಸಾಕು. ಕಡಲಿಂದ ಬಂದಿದ್ದರೆ ಮೊದಲು ಸಿಹಿನೀರಿನ ಬಟ್ಟೆಯಿಂದ ಒರೆಸಿ, ಕನೆಕ್ಟರಿನ ಬಾಯಿಯನ್ನೂ ಬಿಡಬೇಡಿ. ಒಣ ಧೂಳನ್ನು ಒಣ ಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುತ್ತದೆ. ಥಿನ್ನರ್, ಪೆಟ್ರೋಲ್ ಮುಟ್ಟಿಸಲೇಬೇಡಿ.

ಕೊನೆಗೆ ಹಳೆಯ ಗಾಜಿನ ಪ್ಯಾನೆಲ್. ಒಯ್ಯಬಹುದು, ಆದರೆ ಒಳಗಲ್ಲ. ಮಕ್ಕಳು ಕೂರುವ ಗಾಡಿಯೊಳಗೆ ಅಲ್ಯೂಮಿನಿಯಂ ಮೂಲೆ, ಗಾಜು ಎರಡೂ ಬೇಡ. ಕ್ಯಾರಿಯರ್ ಇದಕ್ಕೆ ಸರಿಯಾದ ಜಾಗ, ಚೌಕಟ್ಟು ಇರುವುದರಿಂದ ಬೋಲ್ಟ್ ಹಾಕಲು ಬರುತ್ತದೆ. ಮೊದಲು ಗಾಡಿಯ ಪುಸ್ತಕದಲ್ಲಿ ಛಾವಣಿ ಎಷ್ಟು ಭಾರ ಹೊರುತ್ತದೆ ಅಂತ ನೋಡಿ, ಅದರಲ್ಲಿ ಕ್ಯಾರಿಯರ್‌ನ ತೂಕವೂ ಸೇರುತ್ತದೆ. ಎಲ್-ಆಕಾರದ ಬ್ರಾಕೆಟ್, ರಬ್ಬರ್ ವಾಷರ್, ನೈಲಾನ್ ಬಳೆ ಇರುವ ನಟ್ ಬಳಸಿ. ಸಾದಾ ನಟ್ ನಮ್ಮ ರಸ್ತೆಗೆ ತಾನೇ ಬಿಚ್ಚಿಕೊಳ್ಳುತ್ತದೆ. ಪ್ಯಾನೆಲ್ ಕೆಳಗೆ ಒಂದು ಇಂಚು ಗಾಳಿಯಾಡಲಿ. ಚೌಕಟ್ಟಿನ ಅಡಿಯ ಸಣ್ಣ ತೂತುಗಳು ನೀರು ಹೋಗಲು ಇರುವವು, ಅವನ್ನು ಮುಚ್ಚಬೇಡಿ. ಕಟ್ಟಿದ ಮೇಲೆ ಮೊದಲ ಐವತ್ತು ಕಿಲೋಮೀಟರ್‌ಗೆ ನಿಲ್ಲಿಸಿ ಸ್ಪ್ಯಾನರ್ ಹಿಡಿದು ಎಲ್ಲ ನಟ್ ಒಮ್ಮೆ ನೋಡಿ. ಎರಡೂ ಪ್ಯಾನೆಲನ್ನು ಒಟ್ಟಿಗೆ ಜೋಡಿಸುವ ಮುಂಚೆ ಎರಡರ ಲೇಬಲ್‌ನಲ್ಲಿರುವ ವೋಲ್ಟೇಜ್ ನೋಡಿ, ಬೇರೆ ಬೇರೆ ಇದ್ದರೆ ಜೋಡಿಸಬೇಡಿ, ಬೇಕಾದಾಗ ಒಂದೊಂದೇ ಬಳಸಿ. ಗಾಜಿನಲ್ಲಿ ಈಗಾಗಲೇ ಬಿರುಕಿದ್ದರೆ ಗಾಡಿಗೆ ಏರಿಸಬೇಡಿ. ಬಿರುಕಿನಲ್ಲಿ ನೀರು ಇಳಿದು ಒಳಗೆ ತುಕ್ಕು ಹಿಡಿಯುತ್ತದೆ, ದಾರಿಯಲ್ಲಿ ಚೂರೂ ಉದುರುತ್ತದೆ. ಅದನ್ನು ಮನೆಯ ತಾರಸಿಯ ಮೇಲೆ, ಯಾರೂ ಓಡಾಡದ ಮೂಲೆಯಲ್ಲಿ ಒಂದು ಚಾರ್ಜ್ ಕಂಟ್ರೋಲರ್ (ಬ್ಯಾಟರಿ ಅತಿಯಾಗಿ ತುಂಬದಂತೆ ತಡೆಯುವ ಸಾಧನ) ಜೊತೆ ಹಾಕಿಡಿ. ಪ್ರವಾಸವಿಲ್ಲದ ತಿಂಗಳುಗಳಲ್ಲಿ ಹಳೆಯ ಬೈಕ್ ಬ್ಯಾಟರಿ ತುಂಬಿ, ಒಂದು ದೀಪ ಉರಿಸಲು ಬರುತ್ತದೆ.